ಪುಟಕ್ಕೆ ಹಿಡಿಸದ ವಾರ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಪತ್ರಿಕೋದ್ಯಮದ ಚರಿತ್ರೆ ಬರೆಯುವವರು ಒಂದೆರಡು ಸಾಲಿನಲ್ಲಿ ದಾಟಿಬಿಡುವ ಒಂದು ಬಗೆಯ ಪತ್ರಿಕೆಯ ಬಗ್ಗೆ ಇವತ್ತು ಮಾತನಾಡುತ್ತೇನೆ. ವಾರದ ಏಳು ದಿನ ಯಾವ ಚಾನೆಲ್‌ನಲ್ಲಿ ಎಷ್ಟು ಗಂಟೆಗೆ ಏನು ಬರುತ್ತದೆ ಎಂಬುದನ್ನು ಅಚ್ಚು ಹಾಕಿ ಮುಂಚಿತವಾಗಿ ತಿಳಿಸುತ್ತಿದ್ದ ಟಿವಿ ಕಾರ್ಯಕ್ರಮ ಪತ್ರಿಕೆ ಅದು. ಅದರ ಆಯುಷ್ಯ ಏಳೇ ದಿನ. ಎಂಟನೆಯ ದಿನ ಅದು ರದ್ದಿ. ಆದರೂ ಅಮೆರಿಕ, ಬ್ರಿಟನ್, ಜರ್ಮನಿ ಈ ಮೂರೂ ದೇಶಗಳಲ್ಲಿ ಒಂದು ಕಾಲಕ್ಕೆ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಪತ್ರಿಕೆಗಳ ಮುಂಚೂಣಿಯಲ್ಲಿ ಇದ್ದವು ಇವೇ.

ಇವು ಏಕೆ ಕುಸಿದವು ಎಂದು ಯಾರನ್ನು ಕೇಳಿದರೂ ಅಂತರಜಾಲದ ಕಡೆಗೆ ಬೆರಳು ತೋರಿಸುತ್ತಾರೆ. ನಾನು ಈ ಉತ್ತರವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅಂತರಜಾಲ ಮನೆಮನೆಗೆ ಬರುವ ಹೊತ್ತಿಗೆ ಈ ಪತ್ರಿಕೆಗಳ ಪುಟ ಆಗಲೇ ಬಿರುಕು ಬಿಟ್ಟಿತ್ತು. ಚಾನೆಲ್‌ಗಳು ಹೆಚ್ಚುತ್ತಾ ಹೋದಂತೆ ಒಂದು ವಾರ ಒಂದು ಪತ್ರಿಕೆಯೊಳಗೆ ಹಿಡಿಸದಂತಾಯಿತು. ಪುಟದ ಆಕಾರ ಹೇಗೆ ಬದಲಾಯಿತು ಎಂಬುದನ್ನು ನೋಡುತ್ತಾ ಹೋದರೆ ಇಡೀ ಕಥೆ ಅಲ್ಲೇ ಸಿಗುತ್ತದೆ.

ಮೊದಲು ಹುಟ್ಟಿನ ವಿಷಯ. 1922ರಲ್ಲಿ ಬಿಬಿಸಿ ಒಂದು ಖಾಸಗಿ ಕಂಪನಿಯಾಗಿ ಆರಂಭವಾಯಿತು. ಅದರ ಮುಖ್ಯಸ್ಥ ಜಾನ್ ರೀತ್. ರೇಡಿಯೊ ಕಾರ್ಯಕ್ರಮಗಳ ಪಟ್ಟಿಯನ್ನು ದಿನಪತ್ರಿಕೆಗಳು ಸುದ್ದಿಯಂತೆ ಪ್ರಕಟಿಸುತ್ತವೆ ಎಂದು ಬಿಬಿಸಿ ಭಾವಿಸಿತ್ತು. ಪತ್ರಿಕಾ ಮಾಲೀಕರು 1923ರ ಆರಂಭದಲ್ಲಿ ಬೇರೆಯೇ ಮಾತು ಹೇಳಿದರು: ಪಟ್ಟಿ ಪ್ರಕಟವಾಗಬೇಕೆಂದರೆ ಜಾಹೀರಾತಿನ ದರ ಕೊಡಿ. ರೇಡಿಯೊ ತಮ್ಮ ಓದುಗರನ್ನು ಕಸಿಯುತ್ತದೆ ಎಂಬ ಭಯ ಅವರಿಗೆ. ಹಾಗಿದ್ದರೆ ನಮ್ಮದೇ ಪತ್ರಿಕೆ ತರುತ್ತೇವೆ ಎಂದು ರೀತ್ ಹೊರಟರು. 1923ರ ಸೆಪ್ಟೆಂಬರ್ 28ರಂದು 'ರೇಡಿಯೊ ಟೈಮ್ಸ್' ಹೊರಬಂತು. ಬೆಲೆ ಎರಡು ಪೆನ್ಸ್. ದಿನಪತ್ರಿಕೆಗಳು ಅಡ್ಡಗಾಲು ಹಾಕದೆ ಇದ್ದಿದ್ದರೆ ಈ ಪತ್ರಿಕಾ ಪ್ರಕಾರವೇ ಬಹುಶಃ ಬೇರೆ ರೂಪದಲ್ಲಿ ಬೆಳೆಯುತ್ತಿತ್ತು.

1936ರ ನವೆಂಬರ್‌ನಲ್ಲಿ ಬಿಬಿಸಿ ನಿಯಮಿತ ಟಿವಿ ಪ್ರಸಾರ ಆರಂಭಿಸಿದಾಗ ಆ ಪಟ್ಟಿಗೆ ಅದೇ ಪತ್ರಿಕೆಯಲ್ಲಿ ಒಂದು ಮೂಲೆ ಸಿಕ್ಕಿತು. ಬಹಳ ವರ್ಷ ರೇಡಿಯೊ ಮುಂದೆ, ಟಿವಿ ಹಿಂದೆ. 1957ರಲ್ಲಿ ಟಿವಿ ಪುಟಗಳು ಮುಂದಕ್ಕೆ ಬಂದವು, ರೇಡಿಯೊ ಹಿಂದಕ್ಕೆ ಸರಿಯಿತು. ಒಂದು ದೇಶದ ಸಂಜೆ ಯಾವ ಪೆಟ್ಟಿಗೆಯ ಮುಂದೆ ಕಳೆಯುತ್ತಿದೆ ಎಂಬುದನ್ನು ಪುಟಗಳ ಈ ಅದಲುಬದಲು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ಹೇಳುತ್ತದೆ.

ಅಷ್ಟರಲ್ಲಿ ಅಟ್ಲಾಂಟಿಕ್‌ನ ಆಚೆ ದೊಡ್ಡ ಬೆಳವಣಿಗೆಯೊಂದು ನಡೆದಿತ್ತು. ಅಮೆರಿಕದ ಊರೂರುಗಳಲ್ಲಿ ಟಿವಿ ಕೇಂದ್ರಗಳು ಶುರುವಾದಂತೆ ನ್ಯೂಯಾರ್ಕ್, ಷಿಕಾಗೊ, ಫಿಲಡೆಲ್ಫಿಯಾಗಳಲ್ಲಿ ಸಣ್ಣಪುಟ್ಟ ಸ್ಥಳೀಯ ಪಟ್ಟಿ ಪತ್ರಿಕೆಗಳು ಹುಟ್ಟಿಕೊಂಡಿದ್ದವು. ಫಿಲಡೆಲ್ಫಿಯಾದ ಪ್ರಕಾಶಕ ವಾಲ್ಟರ್ ಅನೆನ್‌ಬರ್ಗ್ ಇವುಗಳನ್ನು ಕೊಂಡುಕೊಂಡು ಒಂದುಗೂಡಿಸಿದರು. 1953ರ ಏಪ್ರಿಲ್ 3ರಂದು 'ಟಿವಿ ಗೈಡ್' ಎಂಬ ಹೆಸರಿನಲ್ಲಿ ಅದು ರಾಷ್ಟ್ರೀಯ ಪತ್ರಿಕೆಯಾಯಿತು. ಮುಖಪುಟದಲ್ಲಿ ನಟಿ ಲೂಸಿಲ್ ಬಾಲ್ ಅವರ ಎಳೆಗೂಸು. ಹತ್ತು ನಗರಗಳಿಗೆ ಹತ್ತು ಆವೃತ್ತಿ. ಬೆಲೆ 15 ಸೆಂಟ್. ಮೊದಲ ಸಂಚಿಕೆಯೇ 15 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಅನೆನ್‌ಬರ್ಗ್ ಅವರ ಜಾಣ್ಮೆ ಇದ್ದದ್ದು ಪತ್ರಿಕೆಯನ್ನು ಕಟ್ಟಿದ ರೀತಿಯಲ್ಲಿ. ಹೊರಗಿನ ನುಣುಪು ಕಾಗದದ ಬಣ್ಣದ ಪುಟಗಳು ಇಡೀ ದೇಶಕ್ಕೆ ಒಂದೇ: ತಾರೆಯರ ಸಂದರ್ಶನ, ವಿಮರ್ಶೆ, ಪದಬಂಧ. ಅವುಗಳ ಹೊಟ್ಟೆಯೊಳಗೆ ಒರಟು ಕಾಗದದ ಪಟ್ಟಿಯ ಪುಟಗಳು. ಇವು ಮಾತ್ರ ಊರಿಂದ ಊರಿಗೆ ಬೇರೆ. ಏಕೆಂದರೆ ಅಮೆರಿಕದಲ್ಲಿ ರಾಷ್ಟ್ರೀಯ ಜಾಲಗಳ ಕಾರ್ಯಕ್ರಮಗಳನ್ನೂ ಪ್ರಸಾರ ಮಾಡುವುದು ಸ್ಥಳೀಯ ಕೇಂದ್ರಗಳೇ. ಸಂಜೆಯ ಸ್ಥಳೀಯ ಸುದ್ದಿ, ಮಧ್ಯರಾತ್ರಿಯ ಹಳೆಯ ಸಿನಿಮಾ, ಮಧ್ಯಾಹ್ನದ ಮರುಪ್ರಸಾರ, ಇವೆಲ್ಲ ಒಂದೊಂದು ಕೇಂದ್ರದಲ್ಲಿ ಒಂದೊಂದು ಬಗೆ. ಪಕ್ಕದ ನಗರದ ಆವೃತ್ತಿ ತಂದರೆ ಅದರ ಎಷ್ಟೋ ಭಾಗ ನಿಷ್ಪ್ರಯೋಜಕ.

ಆ ಒಳಪುಟವೊಂದನ್ನು ಹತ್ತಿರದಿಂದ ನೋಡೋಣ. ಪತ್ರಿಕೆ ಅಂಗೈಗಿಂತ ಸ್ವಲ್ಪ ದೊಡ್ಡದು, ಸುಮಾರು ಐದು ಅಂಗುಲ ಅಗಲ, ಏಳೂವರೆ ಅಂಗುಲ ಎತ್ತರ. ಪುಟದಲ್ಲಿ ಎಡಗಡೆ ಸಮಯ: ರಾತ್ರಿ 8.00. ಅದರ ಕೆಳಗೆ ಸಣ್ಣ ಟಿವಿ ಪರದೆಯ ಆಕಾರದ ಚೌಕ, ಅದರೊಳಗೆ ಚಾನೆಲ್ ಸಂಖ್ಯೆ. ಪಕ್ಕದಲ್ಲಿ ದಪ್ಪಕ್ಷರದ ಶೀರ್ಷಿಕೆ, ಹಾಸ್ಯವೋ ಪತ್ತೇದಾರಿಯೋ ಎಂಬ ಒಂದು ಪದ, ಆಮೇಲೆ ಎರಡು ಸಾಲಿನಲ್ಲಿ ಆ ದಿನದ ಕಂತಿನ ಸಾರ. ಒಂದೇ ಕಾರ್ಯಕ್ರಮ ಎರಡು ಕೇಂದ್ರಗಳಲ್ಲಿ ಬರುವುದಾದರೆ ಎರಡು ಚೌಕ ಒಂದೇ ಸಾಲಿನಲ್ಲಿ. ಎಲ್ಲ ಚಾನೆಲ್ ಮುಗಿದ ಮೇಲೆ 8.30, ಮತ್ತೆ ಅದೇ ಕ್ರಮ. ಗಮನಾರ್ಹ ಕಾರ್ಯಕ್ರಮಕ್ಕೆ ಮಾತ್ರ ಗೆರೆ ಹಾಕಿದ ಪ್ರತ್ಯೇಕ ಪೆಟ್ಟಿಗೆ.

ಈ ಕ್ರಮದಲ್ಲಿ ಸಮಯವೇ ಬೆನ್ನೆಲುಬು. ಓದುಗ ಕೇಳುವುದು ಎಂಟು ಗಂಟೆಗೆ ಏನೇನಿದೆ ಎಂದು. ಪುಟ ಕೊಡುವುದೂ ಅದೇ ಉತ್ತರವನ್ನು. ಆ ಎರಡು ಸಾಲಿನ ಸಾರಾಂಶ ಬರೆಯುವುದನ್ನು ನಾನು ಒಂದು ಕಸುಬು ಎಂದೇ ಗೌರವಿಸುತ್ತೇನೆ. ಕಥೆಯ ಗುಟ್ಟು ಬಿಡಬಾರದು, ಪಾತ್ರದ ಹೆಸರು ತಪ್ಪಬಾರದು, ಹಿಂದಿನ ವಾರದ ಸಾಲಿನಂತೆ ಕಾಣಬಾರದು, ಜಾಗ ಮೀರಬಾರದು. ಬರೆದವರ ಹೆಸರು ಎಲ್ಲೂ ಬರುತ್ತಿರಲಿಲ್ಲ. ಇಪ್ಪತ್ತು ಪದಗಳಲ್ಲಿ ಒಂದು ಕಥೆಯ ಬಾಗಿಲನ್ನಷ್ಟೇ ತೆರೆದು ನಿಲ್ಲಿಸುವ ಆ ಸಂಯಮ ಇವತ್ತಿನ ಟ್ರೇಲರ್‌ಗಳಲ್ಲಿ ಕಾಣುವುದಿಲ್ಲ.

ಈ ವಿನ್ಯಾಸ ಎಷ್ಟು ಗೆದ್ದಿತೆಂದರೆ 1970ರ ದಶಕದಲ್ಲಿ 'ಟಿವಿ ಗೈಡ್' ವಾರಕ್ಕೆ ಎರಡು ಕೋಟಿ ಪ್ರತಿಗಳ ಹತ್ತಿರ ಹೋಯಿತು. 1974ರಲ್ಲಿ ಒಂದು ವರ್ಷದೊಳಗೆ ನೂರು ಕೋಟಿ ಪ್ರತಿ ಮಾರಿದ ಮೊದಲ ಪತ್ರಿಕೆ ಎನಿಸಿಕೊಂಡಿತು. ಸೂಪರ್ ಮಾರ್ಕೆಟ್‌ನಲ್ಲಿ ಹಣ ಕೊಡುವ ಕೌಂಟರಿನ ಪಕ್ಕದ ಸ್ಟ್ಯಾಂಡು ಅದರ ಖಾಯಂ ಜಾಗ. 1988ರಲ್ಲಿ ರೂಪರ್ಟ್ ಮರ್ಡೋಕ್ ಅವರ ನ್ಯೂಸ್ ಕಾರ್ಪೊರೇಷನ್ ಅನೆನ್‌ಬರ್ಗ್ ಅವರ ಕಂಪನಿಯನ್ನು ಕೊಂಡಾಗ ಕೊಟ್ಟದ್ದು ಸುಮಾರು 300 ಕೋಟಿ ಡಾಲರ್. ಕಂಪನಿಯಲ್ಲಿ ಬೇರೆ ಪತ್ರಿಕೆಗಳೂ ಇದ್ದವು, ಆದರೆ ಕಣ್ಣಿದ್ದದ್ದು ಇದರ ಮೇಲೆ.

ಜರ್ಮನಿಯಲ್ಲಿ ಇದೇ ಸ್ಥಾನ 'ಹ್ಯೋರ್‌ಟ್ಸು' ಪತ್ರಿಕೆಯದು. ಯುದ್ಧ ಮುಗಿದು ಇನ್ನೂ ಊರುಗಳು ಬೂದಿಯಾಗಿ ಬಿದ್ದಿದ್ದ 1946ರ ಡಿಸೆಂಬರ್‌ನಲ್ಲಿ ಆಕ್ಸೆಲ್ ಸ್ಪ್ರಿಂಗರ್ ಅವರು ಹ್ಯಾಂಬರ್ಗ್‌ನಲ್ಲಿ ರೇಡಿಯೊ ಪತ್ರಿಕೆಯಾಗಿ ಇದನ್ನು ಶುರು ಮಾಡಿದರು. 1960ರ ದಶಕದಲ್ಲಿ ಅದು 40 ಲಕ್ಷ ಪ್ರತಿ ದಾಟಿತು.

ಈಗ ಬ್ರಿಟನ್ನಿಗೆ ಮರಳೋಣ. 1955ರ ಸೆಪ್ಟೆಂಬರ್‌ನಲ್ಲಿ ವಾಣಿಜ್ಯ ಟಿವಿ ಜಾಲವಾದ ಐಟಿವಿ ಶುರುವಾದ ದಿನವೇ 'ಟಿವಿ ಟೈಮ್ಸ್' ಕೂಡ ಶುರುವಾಯಿತು. ಅಲ್ಲಿಂದ ಮುಂದೆ ಮೂವತ್ತೈದು ವರ್ಷ ಒಂದು ವಿಚಿತ್ರ ವ್ಯವಸ್ಥೆ ನಡೆಯಿತು. 'ರೇಡಿಯೊ ಟೈಮ್ಸ್'ನಲ್ಲಿ ಬಿಬಿಸಿ ಮಾತ್ರ, 'ಟಿವಿ ಟೈಮ್ಸ್'ನಲ್ಲಿ ವಾಣಿಜ್ಯ ಚಾನೆಲ್‌ಗಳು ಮಾತ್ರ. ವಾರದ ಪೂರ್ತಿ ಪಟ್ಟಿ ಬೇಕೆನ್ನುವ ಕುಟುಂಬ ಎರಡನ್ನೂ ಕೊಳ್ಳಬೇಕು. ಕಾರ್ಯಕ್ರಮ ಪಟ್ಟಿಗೆ ಹಕ್ಕುಸ್ವಾಮ್ಯವಿದೆ, ಅದು ನಮ್ಮ ಆಸ್ತಿ ಎಂಬುದು ಪ್ರಸಾರ ಸಂಸ್ಥೆಗಳ ವಾದ. ದಿನಪತ್ರಿಕೆಗಳಿಗೆ ಆ ದಿನದ ಪಟ್ಟಿಯನ್ನು, ರಜೆಗಳಿದ್ದರೆ ಎರಡು ದಿನದ್ದನ್ನು, ಪ್ರಕಟಿಸಲು ಬಿಡುತ್ತಿದ್ದರು. ಇಡೀ ವಾರದ್ದನ್ನು ಯಾರಿಗೂ ಬಿಡುತ್ತಿರಲಿಲ್ಲ.

ಇದನ್ನು ಪ್ರಶ್ನಿಸಿದ್ದು ಡಬ್ಲಿನ್‌ನ ಒಂದು ಪುಟ್ಟ ಪತ್ರಿಕೆ. ಐರ್ಲೆಂಡಿನ ಮನೆಗಳಲ್ಲಿ ಆ ದೇಶದ ರಾಷ್ಟ್ರೀಯ ಪ್ರಸಾರ ಸಂಸ್ಥೆಯಾದ ಆರ್‌ಟಿಇ ಮಾತ್ರವಲ್ಲ, ಬ್ರಿಟಿಷ್ ಚಾನೆಲ್‌ಗಳೂ ಸಿಗುತ್ತಿದ್ದವು. ಅಲ್ಲಿ ಪೂರ್ತಿ ಪಟ್ಟಿಗೆ ಮೂರು ಪತ್ರಿಕೆ ಬೇಕು. 'ಮೆಗಿಲ್ ಟಿವಿ ಗೈಡ್' ಎಲ್ಲವನ್ನೂ ಒಂದೇ ಕಡೆ ಮುದ್ರಿಸಲು ಹೊರಟಿತು. ಪ್ರಸಾರ ಸಂಸ್ಥೆಗಳು ನ್ಯಾಯಾಲಯದ ತಡೆಯಾಜ್ಞೆ ತಂದು ಅದನ್ನು ನಿಲ್ಲಿಸಿದವು. ಮೆಗಿಲ್ 1986ರಲ್ಲಿ ಯುರೋಪಿನ ದೇಶಗಳ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು. ಕಮಿಷನ್ 1988ರ ಡಿಸೆಂಬರ್‌ನಲ್ಲಿ ಅದರ ಪರವಾಗಿ ತೀರ್ಪಿತ್ತಿತು. ಮೇಲ್ಮನವಿಗಳ ಮೇಲೆ ಮೇಲ್ಮನವಿಯಾಗಿ ಯುರೋಪಿನ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿದದ್ದು 1995ರ ಏಪ್ರಿಲ್‌ನಲ್ಲಿ. ಜನರಿಗೆ ಬೇಕಾದ ಒಂದು ಹೊಸ ಸರಕನ್ನು, ತಾವೂ ತಯಾರಿಸದೆ ಬೇರೆಯವರಿಗೂ ತಯಾರಿಸಲು ಬಿಡದೆ, ಹಕ್ಕುಸ್ವಾಮ್ಯದ ಹೆಸರಿನಲ್ಲಿ ತಡೆಯುವಂತಿಲ್ಲ ಎಂಬುದು ಅದರ ತಿರುಳು. ವ್ಯಾಪಾರದ ಸ್ಪರ್ಧಾ ಕಾನೂನನ್ನು ಓದುವ ವಿದ್ಯಾರ್ಥಿಗಳು ಇಂದಿಗೂ ಈ ತೀರ್ಪನ್ನು ಓದುತ್ತಾರೆ. ಎಂಟು ಗಂಟೆಗೆ ಏನಿದೆ ಎಂಬ ಸಾಮಾನ್ಯ ಪ್ರಶ್ನೆ ಅಷ್ಟು ದೂರ ಹೋಯಿತು ಎನ್ನುವುದು ನನಗೆ ಅಭಿಮಾನದ ಸಂಗತಿ.

ತೀರ್ಪು ಬರುವ ಮೊದಲೇ ಬ್ರಿಟನ್ ಕಾನೂನು ಬದಲಿಸಿತ್ತು. 1991ರ ಮಾರ್ಚ್ 1ರಿಂದ ಯಾರು ಬೇಕಾದರೂ ಎಲ್ಲ ಚಾನೆಲ್‌ಗಳ ಪಟ್ಟಿ ಪ್ರಕಟಿಸಬಹುದೆಂದಾಯಿತು. 'ವಾಟ್ಸ್ ಆನ್ ಟಿವಿ'ಯಂತಹ ಅಗ್ಗದ ಪತ್ರಿಕೆಗಳು ಮಾರುಕಟ್ಟೆಗೆ ನುಗ್ಗಿದವು. 1988ರ ಕ್ರಿಸ್‌ಮಸ್ ಎರಡು ವಾರದ ಜೋಡಿ ಸಂಚಿಕೆಯನ್ನು 1,12,20,666 ಪ್ರತಿ ಮಾರಿದ್ದ 'ರೇಡಿಯೊ ಟೈಮ್ಸ್' ಅಂಥ ಸಂಖ್ಯೆಯನ್ನು ಮತ್ತೆ ಕಾಣಲಿಲ್ಲ. ಗಮನಿಸಿ, ಇದಿನ್ನೂ 1991. ವರ್ಲ್ಡ್ ವೈಡ್ ವೆಬ್ ಇನ್ನೂ ಜನಸಾಮಾನ್ಯರ ಮನೆಗಳನ್ನು ತಲುಪಿರಲಿಲ್ಲ.

ಇದೇ ಹೊತ್ತಿನಲ್ಲಿ ಪಟ್ಟಿಯ ಪುಟದಲ್ಲಿ ಕಾಣಿಸಿಕೊಂಡ ಒಂದು ಸಣ್ಣ ಸಂಗತಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಪ್ರತಿ ಕಾರ್ಯಕ್ರಮದ ಕೊನೆಯಲ್ಲಿ ಒಂದು ಸಂಖ್ಯೆ. ಕೆಲವಕ್ಕೆ ಎರಡು ಮೂರು ಅಂಕಿ, ಕೆಲವಕ್ಕೆ ಎಂಟು. ಆಗ ವಿಡಿಯೊ ಕ್ಯಾಸೆಟ್ ರೆಕಾರ್ಡರ್‌ಗೆ ಸಮಯ ಹೊಂದಿಸುವುದು ಬಹುಪಾಲು ಮನೆಗಳಲ್ಲಿ ಯಾರಿಗೂ ಒಲಿಯದ ವಿದ್ಯೆ. ಹೆನ್ರಿ ಯುಯೆನ್ ಎಂಬ ಗಣಿತಜ್ಞ ಮತ್ತು ಅವರ ಸಂಗಡಿಗರು ಚಾನೆಲ್, ದಿನಾಂಕ, ಆರಂಭದ ಸಮಯ, ಅವಧಿ ಈ ನಾಲ್ಕನ್ನೂ ಒಂದೇ ಸಂಖ್ಯೆಯೊಳಗೆ ಅಡಗಿಸುವ ಗಣಿತ ಕಟ್ಟಿದರು. ಪತ್ರಿಕೆಯಲ್ಲಿ ಕಂಡ ಸಂಖ್ಯೆಯನ್ನು ರಿಮೋಟ್‌ನಲ್ಲಿ ಒತ್ತಿದರೆ ರೆಕಾರ್ಡರ್ ತಾನಾಗಿಯೇ ಎಚ್ಚರಗೊಂಡು ಧ್ವನಿಮುದ್ರಣ, ಚಿತ್ರಮುದ್ರಣ ಮಾಡಿಕೊಳ್ಳುತ್ತಿತ್ತು. ಹೆಚ್ಚು ಜನ ನೋಡುವ ಹೊತ್ತಿನ ಕಾರ್ಯಕ್ರಮಗಳಿಗೆ ಚಿಕ್ಕ ಸಂಖ್ಯೆ ಸಿಗುವಂತೆ ಆ ಲೆಕ್ಕ ಇತ್ತು. 1990ರಲ್ಲಿ ಅಮೆರಿಕದಲ್ಲಿ 'ವಿಸಿಆರ್ ಪ್ಲಸ್' ಎಂದು ಶುರುವಾದ ಇದು ಬ್ರಿಟನ್ನಿನಲ್ಲಿ 'ವಿಡಿಯೊ ಪ್ಲಸ್', ಜರ್ಮನಿಯಲ್ಲಿ 'ಶೋ ವ್ಯೂ' ಎಂದು ಹಬ್ಬಿತು. ಕಾಗದದ ಪಟ್ಟಿ ಯಂತ್ರದೊಂದಿಗೆ ನೇರವಾಗಿ ಮಾತನಾಡಿದ ಅಪರೂಪದ ಕಾಲ ಅದು. ಯುಯೆನ್ ಅವರ ಜೆಮ್‌ಸ್ಟಾರ್ ಕಂಪನಿ ಎಷ್ಟು ಬೆಳೆಯಿತೆಂದರೆ 2000ದಲ್ಲಿ 'ಟಿವಿ ಗೈಡ್' ಅದರ ತೆಕ್ಕೆಗೆ ಬಂತು. ಪತ್ರಿಕೆಯ ಸಾಲಿನ ತುದಿಗೆ ಅಂಟಿಕೊಂಡಿದ್ದ ಸಂಖ್ಯೆ ಪತ್ರಿಕೆಯನ್ನೇ ಕೊಂಡಿತು.

ಇನ್ನು ಪುಟ ಸೋತ ಬಗೆ. ಒಂದು ಸರಳ ಲೆಕ್ಕ ಮಾಡಿ. ಐದು ಚಾನೆಲ್, ಒಂದೊಂದರಲ್ಲೂ ದಿನಕ್ಕೆ ಮೂವತ್ತು ಕಾರ್ಯಕ್ರಮ ಎಂದಿಟ್ಟುಕೊಂಡರೆ ವಾರಕ್ಕೆ 1,050 ನಮೂದು. ಪ್ರತಿಯೊಂದಕ್ಕೂ ಎರಡು ಸಾಲಿನ ಸಾರಾಂಶ ಬರೆದು ತೆಳ್ಳನೆಯ ಪತ್ರಿಕೆಯಲ್ಲಿ ಹಿಡಿಸಬಹುದು. ಚಾನೆಲ್‌ಗಳು 200 ಆದರೆ ನಮೂದು 42,000. ಅದು ಪತ್ರಿಕೆಯಾಗಿ ಉಳಿಯುವುದಿಲ್ಲ, ದೂರವಾಣಿ ಡೈರೆಕ್ಟರಿಯಾಗುತ್ತದೆ. ಅಮೆರಿಕದಲ್ಲಿ ಕೇಬಲ್ ಹಬ್ಬಿದಾಗ ಇನ್ನೊಂದು ತೊಡಕೂ ಸೇರಿಕೊಂಡಿತು. ಒಂದೇ ಚಾನೆಲ್ ಒಂದು ಊರಿನ ಕೇಬಲ್‌ನಲ್ಲಿ 14, ಪಕ್ಕದ ಊರಿನಲ್ಲಿ 32. ಹಾಗಾಗಿ ಸಂಖ್ಯೆಯ ಬದಲು ಮೂರಕ್ಷರದ ಸಂಕೇತ ಬಂತು, ಆ ಸಂಕೇತಕ್ಕೆ ನಿಮ್ಮ ಊರಿನಲ್ಲಿ ಯಾವ ಸಂಖ್ಯೆ ಎಂದು ತಿಳಿಸುವ ಕೋಷ್ಟಕವೂ ಬಂತು. ಎಂಟು ಗಂಟೆಗೆ ಏನಿದೆ ಎಂದು ತಿಳಿಯಲು ಓದುಗ ಎರಡು ಕಡೆ ನೋಡುವಂತಾಯಿತು.

ಆಗ ಬಂದದ್ದು ಗ್ರಿಡ್. ಎಡಗಡೆ ಚಾನೆಲ್‌ಗಳ ಸಾಲು, ಮೇಲೆ ಅರ್ಧರ್ಧ ಗಂಟೆಯ ಕಂಬಗಳು, ನಡುವೆ ಚೌಕಗಳು. ಮೊದಲು ಸಂಜೆಯ ಹೊತ್ತಿಗಷ್ಟೇ ಇದ್ದ ಗ್ರಿಡ್ ನಿಧಾನವಾಗಿ ದಿನವಿಡೀ ಆವರಿಸಿಕೊಂಡಿತು. ಕಡಿಮೆ ಜಾಗದಲ್ಲಿ ಹೆಚ್ಚು ಚಾನೆಲ್ ತುಂಬಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಚೌಕದೊಳಗೆ ಹೆಸರು ಬಿಟ್ಟು ಇನ್ನೇನೂ ಹಿಡಿಸುವುದಿಲ್ಲ. ಉದ್ದದ ಹೆಸರಾದರೆ ಅದೂ ಅರ್ಧಕ್ಕೆ ತುಂಡು. ಎರಡು ಸಾಲಿನ ಸಾರಾಂಶ ಮಾಯವಾಯಿತು, ಅದರ ಜೊತೆಗೆ ಅದನ್ನು ಬರೆಯುವವರೂ. ನನ್ನ ಪ್ರಕಾರ ಈ ಪತ್ರಿಕೆಗಳ ನಿಜವಾದ ಕುಸಿತ ಶುರುವಾದದ್ದು ಇಲ್ಲಿ. ಬರೀ ಹೆಸರು ಮತ್ತು ಸಮಯ ಕೊಡುವ ಗ್ರಿಡ್ಡನ್ನು ಟಿವಿ ಪರದೆಯೇ ಕೊಡಬಲ್ಲದು. ಅದಾಗಲೇ ಕೇಬಲ್‌ನಲ್ಲಿ ಹಗಲಿರುಳೂ ಪಟ್ಟಿಯನ್ನು ಮೇಲಕ್ಕೆ ಉರುಳಿಸುತ್ತಿದ್ದ ಪ್ರತ್ಯೇಕ ಚಾನೆಲ್ ಇತ್ತು. ದಿನಪತ್ರಿಕೆಗಳು ಭಾನುವಾರದ ಸಂಚಿಕೆಯೊಂದಿಗೆ ಅದೇ ಗ್ರಿಡ್ಡಿನ ಪುಸ್ತಿಕೆಯನ್ನು ಪ್ರತ್ಯೇಕ ಹಣ ಕೇಳದೆ ಕೊಡುತ್ತಿದ್ದವು. ಆಮೇಲೆ ಡಿಜಿಟಲ್ ಪೆಟ್ಟಿಗೆಗಳ ಜೊತೆ ರಿಮೋಟ್‌ನಲ್ಲಿ ಗುಂಡಿ ಒತ್ತಿದರೆ ತೆರೆಯುವ ಪಟ್ಟಿ ಬಂತು. ಯಾವುದನ್ನು ಬೇರೆ ಯಾರೂ ಮಾಡಲಾರರೋ ಅದನ್ನು ಪತ್ರಿಕೆ ಜಾಗದ ಒತ್ತಡಕ್ಕೆ ಬಿಟ್ಟುಕೊಟ್ಟು, ಯಾರು ಬೇಕಾದರೂ ಮಾಡಬಲ್ಲದ್ದನ್ನು ಇಟ್ಟುಕೊಂಡಿತು.

ಜರ್ಮನಿಯ ಪ್ರಕಾಶಕರು ಬೇರೆ ದಾರಿ ಹಿಡಿದರು. 1990ರಲ್ಲಿ 'ಟಿವಿ ಸ್ಪೀಲ್‌ಫಿಲ್ಮ್', ಮರುವರ್ಷ 'ಟಿವಿ ಮೂವಿ', ಎರಡೂ ಎರಡು ವಾರಕ್ಕೊಮ್ಮೆ ಬರುವ ಪತ್ರಿಕೆಗಳು. ಎಲ್ಲವನ್ನೂ ಸಮವಾಗಿ ಹೇಳುವ ಹಟ ಬಿಟ್ಟು ಸಿನಿಮಾಗಳಿಗೆ ಒತ್ತು ಕೊಟ್ಟವು. ನೋಡಬಹುದು, ಬಿಡಬಹುದು ಎಂದು ನೇರವಾಗಿ ಅಂಕ ಹಾಕಿದವು. ಪಟ್ಟಿ ಉದ್ದವಾದಷ್ಟೂ ಆಯ್ಕೆಗೆ ಬೆಲೆ ಹೆಚ್ಚುತ್ತದೆ ಎಂದು ಅವರಿಗೆ ಬೇಗ ಹೊಳೆದಿತ್ತು. ಲಕ್ಷಗಟ್ಟಲೆ ಜನ ಕಾಗದದ ಪಟ್ಟಿಯನ್ನು ಹಣ ಕೊಟ್ಟು ಕೊಳ್ಳುವುದು ಆ ದೇಶದಲ್ಲಿ ಬಹಳ ವರ್ಷ ಮುಂದುವರಿಯಿತು.

ಅಮೆರಿಕದಲ್ಲಿ ಹಾಗಾಗಲಿಲ್ಲ. 2005ರ ಜುಲೈನಲ್ಲಿ 'ಟಿವಿ ಗೈಡ್' ತನ್ನ 140 ಸ್ಥಳೀಯ ಆವೃತ್ತಿಗಳನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಜಾಹೀರಾತುದಾರರಿಗೆ ಖಾತರಿ ಕೊಡುವ ಮಾರಾಟದ ಪ್ರತಿಗಳ ಸಂಖ್ಯೆಯನ್ನು 90 ಲಕ್ಷದಿಂದ 32 ಲಕ್ಷಕ್ಕೆ ಇಳಿಸಿತು. ಅಕ್ಟೋಬರ್‌ನಲ್ಲಿ ಅಂಗೈ ಗಾತ್ರ ಹೋಗಿ ದೊಡ್ಡ ಗಾತ್ರದ ಬಣ್ಣದ ಪತ್ರಿಕೆ ಬಂತು. ಪೂರ್ವ ಮತ್ತು ಪಶ್ಚಿಮದ ಕಾಲವಲಯಗಳಿಗೆಂದು ಎರಡೇ ಆವೃತ್ತಿ. ಪಟ್ಟಿಯ ಪುಟಗಳು ಕಡಿಮೆ, ತಾರೆಯರ ಪುಟಗಳು ಹೆಚ್ಚು. ನಿಮ್ಮ ಊರಿನ ಕೇಂದ್ರದಲ್ಲಿ ಮಧ್ಯರಾತ್ರಿ ಯಾವ ಸಿನಿಮಾ ಇದೆ ಎಂದು ಹೇಳುವ ಕೆಲಸದಿಂದ ಪತ್ರಿಕೆ ಆ ದಿನ ನಿವೃತ್ತವಾಯಿತು. ತಾರೆಯರ ಚಿತ್ರಗಳಿಗೆ ಬೇರೆ ಪತ್ರಿಕೆಗಳು ಎಷ್ಟೋ ಇದ್ದವು. ಊರೂರಿನ ಪಟ್ಟಿಯೇ ಇದರ ವಿಶೇಷವಾಗಿತ್ತು.

ಮೂರು ವರ್ಷಗಳ ನಂತರ, 2008ರಲ್ಲಿ, ಆಗಿನ ಒಡೆಯರಾದ ಮ್ಯಾಕ್ರೋವಿಷನ್ ಕಂಪನಿ ಪತ್ರಿಕೆಯನ್ನು ಓಪನ್‌ಗೇಟ್ ಕ್ಯಾಪಿಟಲ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಬೆಲೆ ಒಂದು ಡಾಲರ್. ಆ ವಾರದ ಒಂದು ಬಿಡಿ ಪ್ರತಿಗೆ ಅದಕ್ಕಿಂತ ಹೆಚ್ಚು ಬೆಲೆ ಇತ್ತು. ಕೊಳ್ಳುವವರಿಗೆ ಮಾರುವವರೇ 95 ಲಕ್ಷ ಡಾಲರ್ ಸಾಲವನ್ನೂ ಕೊಟ್ಟರು. ಈ ಸಂಗತಿಯನ್ನು ಜನ ತಮಾಷೆಯಾಗಿ ಹೇಳುವುದನ್ನು ಕೇಳಿದ್ದೇನೆ. ಪುಟಕ್ಕೊಂದು ಪುಟ ಜೋಡಿಸಿ ಊರೂರಿನ ಪಟ್ಟಿ ಸಿದ್ಧಪಡಿಸುತ್ತಿದ್ದ ನೂರಾರು ಜನರ ಶ್ರಮಕ್ಕೆ ಹಾಕಿದ ಬೆಲೆ ಅದು ಎಂದು ನೆನೆದರೆ ನನಗೆ ನಗು ಬರುವುದಿಲ್ಲ.

ಬ್ರಿಟನ್ನಿನಲ್ಲಿ 2011ರಲ್ಲಿ ಬಿಬಿಸಿ 'ರೇಡಿಯೊ ಟೈಮ್ಸ್' ಸೇರಿದಂತೆ ತನ್ನ ಪತ್ರಿಕೆಗಳ ವ್ಯವಹಾರವನ್ನು ಮಾರಿತು. ಪತ್ರಿಕೆ 2023ರಲ್ಲಿ ನೂರು ವರ್ಷ ಪೂರೈಸಿತು. ಪುಟಗಳು ಈಗಲೂ ಇವೆ. ಸ್ಟ್ರೀಮಿಂಗ್‌ನಲ್ಲಿ ಏನಿದೆ ಎಂಬುದಕ್ಕೆ ಪ್ರತ್ಯೇಕ ಜಾಗವೂ ಇದೆ. ಕ್ರಿಸ್‌ಮಸ್ ಜೋಡಿ ಸಂಚಿಕೆಯನ್ನು ಕೊಂಡು, ನೋಡಬೇಕಾದವಕ್ಕೆ ಪೆನ್ನಿನಿಂದ ಸುತ್ತು ಹಾಕುವ ರೂಢಿ ಅನೇಕ ಮನೆಗಳಲ್ಲಿ ಉಳಿದಿದೆ.

ಸ್ಟ್ರೀಮಿಂಗ್ ಎಂದಾಗ ನನಗೆ ತುಂಬ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ಮುದ್ರಿತ ಪಟ್ಟಿಗೆ ಮೂರು ಗುಣಗಳಿದ್ದವು. ಅದು ಎಲ್ಲರಿಗೂ ಒಂದೇ. ಅದಕ್ಕೊಂದು ಕೊನೆಯಿತ್ತು, ಶುಕ್ರವಾರ ರಾತ್ರಿಯ ಪುಟ ಮುಗಿದರೆ ವಾರದಲ್ಲಿ ಇರುವುದನ್ನೆಲ್ಲ ನೋಡಿದಂತೆ. ಮತ್ತು ಅದು ಬದಲಾಗುತ್ತಿರಲಿಲ್ಲ. ಇವತ್ತು ನನ್ನ ಪರದೆಯಲ್ಲಿ ಕಾಣುವ ಸಾಲು ನಿಮ್ಮ ಪರದೆಯಲ್ಲಿ ಕಾಣುವುದಿಲ್ಲ. ನಿನ್ನೆ ಕಂಡದ್ದು ಇಂದು ಅಲ್ಲಿಲ್ಲ. ಕೆಳಗೆ ಜಾರಿಸಿದಷ್ಟೂ ಸಾಲುಗಳು. ನಾನು ಹಿಂದೆ ನೋಡಿದ್ದನ್ನೇ ಆಧರಿಸಿ ಮುಂದಿನದನ್ನು ತೋರಿಸುವ ಲೆಕ್ಕಾಚಾರ ಅದು. ಕಾಗದದ ಪುಟದಲ್ಲಿ ಕುಸ್ತಿಯ ಪಕ್ಕದಲ್ಲೇ ಒಪೆರಾ ಇರುತ್ತಿತ್ತು. ಒಪೆರಾವನ್ನು ಜನ್ಮದಲ್ಲಿ ಕೇಳದವನೂ ಅದರ ಎರಡು ಸಾಲಿನ ಸಾರಾಂಶದ ಮೇಲೆ ಕಣ್ಣು ಹಾಯಿಸಿಯೇ ಕುಸ್ತಿಗೆ ಹೋಗಬೇಕಿತ್ತು. ತನಗೆ ಬೇಡವಾದದ್ದರ ಅಸ್ತಿತ್ವವನ್ನು ಪ್ರತಿ ಓದುಗನಿಗೂ ತಿಳಿಸುತ್ತಿದ್ದ ಆ ಸಹವಾಸವನ್ನು ನಾವು ಬೆಲೆಯಿಲ್ಲದ ವಸ್ತುವಿನಂತೆ ಕೈಬಿಟ್ಟಿದ್ದೇವೆ.

ಇನ್ನೊಂದು ನಷ್ಟ ದಾಖಲೆಯದು. ಬಿಬಿಸಿ 2014ರಲ್ಲಿ 'ಜೀನೋಮ್' ಎಂಬ ಯೋಜನೆಯನ್ನು ಸಾರ್ವಜನಿಕರಿಗೆ ತೆರೆಯಿತು. 1923ರಿಂದ 2009ರವರೆಗಿನ 'ರೇಡಿಯೊ ಟೈಮ್ಸ್' ಸಂಚಿಕೆಗಳ ಪಟ್ಟಿಗಳನ್ನು ಸ್ಕ್ಯಾನ್ ಮಾಡಿ, ನಲವತ್ತು ಲಕ್ಷಕ್ಕೂ ಮೀರಿದ ನಮೂದುಗಳನ್ನು ಹುಡುಕಬಹುದಾದ ರೂಪದಲ್ಲಿ ಇಟ್ಟಿದ್ದಾರೆ. ಯಂತ್ರ ತಪ್ಪಾಗಿ ಓದಿದ ಅಕ್ಷರಗಳನ್ನು ಸಾರ್ವಜನಿಕರೇ ಕುಳಿತು ತಿದ್ದುತ್ತಿದ್ದಾರೆ. ಹಳೆಯ ಕಾರ್ಯಕ್ರಮಗಳ ಟೇಪುಗಳನ್ನು ಒಂದು ಕಾಲದಲ್ಲಿ ಅಳಿಸಿ ಮರುಬಳಕೆ ಮಾಡುತ್ತಿದ್ದರು. ಹಾಗೆ ಅಳಿಸಿಹೋದ ಅದೆಷ್ಟೋ ನಾಟಕ, ಸಂಗೀತ ಕಛೇರಿಗಳು ಇದ್ದವು ಎಂಬುದಕ್ಕೆ ಉಳಿದಿರುವ ಸಾಕ್ಷ್ಯವೆಂದರೆ ಈ ಎರಡು ಸಾಲು.

ಪಟ್ಟಿ ಹೇಳುವುದು ಏನು ಪ್ರಸಾರವಾಗಬೇಕಿತ್ತು ಎಂಬುದನ್ನು, ಏನು ಪ್ರಸಾರವಾಯಿತು ಎಂಬುದನ್ನಲ್ಲ. 1963ರ ನವೆಂಬರ್ 22ರಂದು ಅಧ್ಯಕ್ಷ ಕೆನಡಿಯವರ ಹತ್ಯೆಯಾದಾಗ ಅಮೆರಿಕದ ಟಿವಿ ಜಾಲಗಳು ಅಂತ್ಯಕ್ರಿಯೆ ಮುಗಿಯುವವರೆಗೂ ಮಾಮೂಲು ಕಾರ್ಯಕ್ರಮಗಳನ್ನು ಕೈಬಿಟ್ಟು ಅದೊಂದೇ ಸುದ್ದಿಯನ್ನು ಬಿತ್ತರಿಸಿದವು. ಆ ದಿನಗಳ 'ಟಿವಿ ಗೈಡ್' ಅಷ್ಟರೊಳಗೆ ಅಚ್ಚಾಗಿ ಮನೆ ಸೇರಿತ್ತು. ಅದರ ತುಂಬ ಎಂದಿನ ಹಾಸ್ಯ, ಆಟ, ಹಾಡು. ಇತಿಹಾಸಕಾರನಿಗೆ ಆ ಪ್ರಸಾರವಾಗದ ವಾರವೂ ಬೇಕು. ಆಘಾತಕ್ಕೆ ಮುಂಚೆ ಜನ ಎಂಥ ವಾರಾಂತ್ಯವನ್ನು ನಿರೀಕ್ಷಿಸಿದ್ದರು ಎಂಬುದು ಅದರಿಂದ ಮಾತ್ರ ತಿಳಿಯುತ್ತದೆ.

ಇವತ್ತಿನ ಸ್ಟ್ರೀಮಿಂಗ್ ಸಂಸ್ಥೆಗಳಲ್ಲಿ ಈ ವಾರ ಏನಿತ್ತು, ಮುಂದಿನ ವಾರ ಏನು ತೆಗೆದುಹಾಕಿದರು, ಮೊದಲ ಸಾಲಿನಲ್ಲಿ ಯಾವುದನ್ನು ಇಟ್ಟಿದ್ದರು ಎಂದು ಐವತ್ತು ವರ್ಷಗಳ ನಂತರ ಒಬ್ಬ ಸಂಶೋಧಕಿ ಕೇಳಿದರೆ ತೋರಿಸಲು ಇಂಥ ಕಾಗದವೇ ಇರುವುದಿಲ್ಲ. ಅಚ್ಚಾದ ಪುಸ್ತಕ, ಪತ್ರಿಕೆಗಳ ಪ್ರತಿಯನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಬೇಕೆಂಬ ಕಾನೂನು ಅನೇಕ ದೇಶಗಳಲ್ಲಿದೆ. 'ರೇಡಿಯೊ ಟೈಮ್ಸ್' ಹಾಗೆಯೇ ಗ್ರಂಥಾಲಯಗಳನ್ನು ಸೇರಿತು. ಪ್ರತಿ ಸ್ಟ್ರೀಮಿಂಗ್ ಸಂಸ್ಥೆಯೂ ವಾರಕ್ಕೊಮ್ಮೆ ತನ್ನ ಪೂರ್ಣ ಕಾರ್ಯಕ್ರಮ ಪಟ್ಟಿಯನ್ನು, ಸೇರಿಸಿದ್ದು ತೆಗೆದದ್ದರ ವಿವರದೊಂದಿಗೆ, ದಿನಾಂಕ ಹಾಕಿ ಅದೇ ರೀತಿ ಒಪ್ಪಿಸಬೇಕು ಎಂಬುದು ನನ್ನ ಒತ್ತಾಯ. ತಾಂತ್ರಿಕವಾಗಿ ಇದು ಕಷ್ಟದ ಕೆಲಸವಲ್ಲ; ಆ ಪಟ್ಟಿ ಅವರ ಸರ್ವರ್‌ಗಳಲ್ಲಿ ಈಗಾಗಲೇ ಇದೆ. ಗ್ರಂಥಾಲಯ ಕಾನೂನುಗಳ ತಿದ್ದುಪಡಿಯ ಮಾತು ಎಲ್ಲಿ ಬಂದರೂ ಈ ಒಂದು ಸಾಲನ್ನು ಅದರಲ್ಲಿ ಸೇರಿಸುವಂತೆ ಕೇಳಿ.